ಹದಿನೆಂಟರಲ್ಲಿ ಒಂದೇ ಹಾಡು

ನನಗೆ ಯಂತ್ರಗಳ ವಿಷಯ ಗೊತ್ತು ಎಂಬ ಸುಳ್ಳನ್ನು, ಮದುವೆಯಾದ ಹೊಸದರಲ್ಲಿ ಮಾವನ ಮನೆಯ ಟೇಪ್‌ರೆಕಾರ್ಡರಿಗೆ ಒಂದು ಏಟು ಹಾಕಿ ಹಾಡಿಸುವ ಮೂಲಕ ಸ್ಥಾಪಿಸಿದ್ದೆ. ಆ ಒಂದು ಏಟಿನ ಮೇಲೆ ಇಪ್ಪತ್ತೈದು ವರ್ಷ ಬದುಕಿದ್ದೇನೆ. ಕಳೆದ ತಿಂಗಳು ಬಣ್ಣ ಬಯಲಾಗುವುದರಲ್ಲಿತ್ತು.

ಸವಳಂಗದ ನಮ್ಮ ಅತ್ತೆ ಗಂಗಮ್ಮ ಕಣ್ಣಿನ ಪೊರೆ ತೆಗೆಸಿಕೊಂಡು ಚನ್ನಗಿರಿಯ ನಮ್ಮ ಮನೆಗೆ ಬಂದರು. ಟಿ.ವಿ., ಮೊಬೈಲು ಎರಡೂ ಬೇಡವೆಂದು ಡಾಕ್ಟರ ಆಜ್ಞೆ. ಅವರಿಗೆ ಅದರ ಚಿಂತೆಯಿಲ್ಲ. "ನನ್ನ ಸೋಮವಾರ ತಪ್ತೈತಲ್ಲೇ" ಎಂದು ಮಗಳ ಮುಂದೆ ಆಪರೇಷನ್ನಾದ ಕಣ್ಣಲ್ಲೇ ನೀರು ತಂದುಕೊಂಡರಂತೆ. ಊರ ಗುಡಿಯ ಸೋಮವಾರದ ಭಜನೆಯಲ್ಲಿ ಮೂವತ್ತು ವರ್ಷದಿಂದ ಮೊದಲ ದನಿ ಅವರದು. ಒಂದು ವಾರವೂ ಬಿಟ್ಟವರಲ್ಲ.

ಮದ್ದು ನನ್ನ ಬಳಿ ಇತ್ತು. ಅವರನ್ನು ಆಪರೇಷನ್ನಿಗೆ ಕರೆತರಲು ಸವಳಂಗಕ್ಕೆ ಹೋಗಿದ್ದಾಗ, ಹಿಂದಿನ ಸೋಮವಾರವೇ ಗುಡಿಯ ಕಂಬಕ್ಕೊರಗಿ ಕುಳಿತು ಹದಿನೆಂಟು ಹಾಡುಗಳನ್ನೂ ಒಂದೊಂದಾಗಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಕಪಾಟಿನಲ್ಲಿ ಗುಂಡಿ ಒತ್ತಿದರೆ ಹಾಡುವ ಹಳೆಯ ಪುಟ್ಟ ಪ್ಲೇಯರ್ ಇತ್ತು. ಕಣ್ಣು ಮುಚ್ಚಿಯೂ ನಡೆಸಬಹುದು. ಆದರೆ ಅದಕ್ಕೆ ಹಾಡು ತುಂಬುವ ಕಂಪನಿಯವರ ಸಾಫ್ಟ್‌ವೇರ್ ನನ್ನ ಹೊಸ ಕಂಪ್ಯೂಟರಿಗೆ ಒಗ್ಗಲಿಲ್ಲ. ಹೆತ್ತವರು ಕೈಬಿಟ್ಟ ಇಂಥ ಯಂತ್ರಗಳನ್ನು ಸಾಕಲೆಂದೇ ಯಾರೋ ಪುಣ್ಯಾತ್ಮರು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟಿದ್ದ ಇನ್ನೊಂದು ಸಾಫ್ಟ್‌ವೇರನ್ನು ಇಳಿಸಿಕೊಂಡೆ. ಸೋಮವಾರ ಸಂಜೆ ವೈರು ಚುಚ್ಚಿ ‘ಸಿಂಕ್’ ಒತ್ತಿದರೆ, ಹದಿನೆಂಟೂ ಸೇರಿದವು ಎಂದು ತೋರಿಸಿತು. ನನ್ನ ಹೆಂಡತಿ ಶೈಲಾ ಪ್ಲೇಯರನ್ನು ಒಳಗೊಯ್ದವಳು ಐದೇ ನಿಮಿಷಕ್ಕೆ ವಾಪಸು ತಂದಳು.

"ಒಂದೇ ಹಾಡು ಬಂತಂತೆ ರೀ."

ಅಳಿಸಿ ಮತ್ತೆ ತುಂಬಿದೆ. ಒಂದೇ ಹಾಡು. ವೈರು ಬದಲಾಯಿಸಿದೆ. ಒಂದೇ. ಸಾಫ್ಟ್‌ವೇರನ್ನೇ ಕಿತ್ತು ಹೊಸದಾಗಿ ಹಾಕಿದೆ. ಕೊನೆಗೆ ಆ ಹಳೆಯ ಏಟನ್ನೂ ಹಾಕಿದೆ. "ಒಂದಾದ್ರೂ ಕೇಳಿಸ್ತಲ್ಲ, ಸಾಕು ಬಿಡಾಕೆ ಹೇಳು ಅಳಿಯಂದ್ರಿಗೆ" ಎಂದು ಅತ್ತೆ ಹೇಳಿ ಕಳಿಸಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ‘ಸಾಕು’ ನನಗೆ ನಾಟಿತು.

ನೀವೇ ಹೋಗಿ ವಿಚಾರಿಸಬಾರದಿತ್ತೇ ಎನ್ನುತ್ತೀರಿ. ನಮ್ಮ ಮನೆಯಲ್ಲಿ ಅದು ಅಷ್ಟು ಸುಲಭವಲ್ಲ. ನಾನು ಕಾಲಿಟ್ಟರೆ ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಾರೆ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕುಳಿತಿಲ್ಲ. ಆದರೂ ಆ ದಿನ ಸಂಕೋಚ ಬದಿಗಿಟ್ಟು ಹೋಗಿ, ಇಯರ್‌ಫೋನಿನ ಒಂದು ತುದಿ ಅವರಿಗೆ ಕೊಟ್ಟು, ಇನ್ನೊಂದನ್ನು ನನ್ನ ಕಿವಿಗೆ ಸಿಕ್ಕಿಸಿಕೊಂಡೆ.

ಹಾಡು ಶುರುವಾಯಿತು. ಅತ್ತೆ ನಿಂತೇ ಕೈ ಮುಗಿದರು. ಹಾಡು ಮುಗಿದೊಡನೆ ಗುಂಡಿ ಒತ್ತಿ ಪ್ಲೇಯರನ್ನು ಆರಿಸಿದರು.

ಮಂಗಳ! ಭಜನೆಯಲ್ಲಿ ಬೇರೆ ಯಾವುದೂ ಗೊತ್ತಿರದಿದ್ದರೂ ನನಗೆ ಮಂಗಳ ಗೊತ್ತು. ಚಿಕ್ಕಂದಿನಲ್ಲಿ ಗುಡಿಯಲ್ಲಿ ನಿದ್ದೆ ಹೊಡೆಯುತ್ತಿದ್ದವನು ಸರಿಯಾಗಿ ಅದಕ್ಕೇ ಏಳುತ್ತಿದ್ದೆ, ಹಿಂದೆಯೇ ಪ್ರಸಾದ ಬರುತ್ತದಲ್ಲ. ಪೂಜೆಯಿರಲಿ, ಪುರಾಣವಿರಲಿ, ಮಂಗಳವಾಯಿತೆಂದರೆ ಮುಗಿಯಿತು, ಎದ್ದು ಹೊರಡಬೇಕು. ಆ ಪುಣ್ಯಾತ್ಮರ ಸಾಫ್ಟ್‌ವೇರಿಗೆ ಇದೇನು ಗೊತ್ತು? ಕಡೆಗೆ ರೆಕಾರ್ಡಾದದ್ದನ್ನು ಮೊದಲಿಗಿಟ್ಟಿತ್ತು.

"ಮುಂದೆ ಇನ್ನೂ ಹದಿನೇಳು ಅವೆ ಅತ್ತೆ!"

"ಮಂಗಳ ಆದ್ಮೇಲೆ ಹೆಂಗ್ರೀ ಕೇಳಾಕೆ ಆಗ್ತೈತೆ?"

ಕಂಪ್ಯೂಟರಿನತ್ತ ಓಡಿದೆ. ‘ಹೊಸದು ಮೊದಲು’ ಎಂಬಲ್ಲಿದ್ದ ಗುರುತನ್ನು ‘ಹಳೆಯದು ಮೊದಲು’ ಎಂಬಲ್ಲಿಗೆ ಸರಿಸಿ ಸಿಂಕ್ ಒತ್ತಿದೆ. ಸವಳಂಗದ ಗುಡಿಯಲ್ಲಿ ತಾಳ ಎತ್ತಿಕೊಳ್ಳುವ ಏಳು ಗಂಟೆಗೆ ಸರಿಯಾಗಿ ನಮ್ಮಿಬ್ಬರ ಕಿವಿಯಲ್ಲೂ ಗಣಪತಿಯ ಹಾಡು ಎದ್ದಿತು. ಅತ್ತೆ ಚಾಪೆಯ ಮೇಲೆ ಕುಳಿತು ಮೊಣಕಾಲಿಗೆ ತಾಳ ಹಾಕತೊಡಗಿದರು. "ಇದು ನೋಡ್ರಿ ಭಜನೆ! ಆಗಿಂದು, ಬಂದೋರನ್ನ ಬಾಗ್ಲಾಗೇ ನಿಲ್ಸಿ ಹೋಗ್ ಬರ್ರಿ ಅಂದಂಗಿತ್ತು." ಕುಸ್ತಿ ಗೆದ್ದವನ ಹಾಗೆ ತೊಡೆ ತಟ್ಟಬೇಕೆನಿಸಿತು ನನಗೆ. ಸಂಜೆಯಿಡೀ ಕಂಪ್ಯೂಟರನ್ನು ಎಷ್ಟೊಂದು ಕೇಳಿದ್ದೆ. ಹಾಡು ಕೇಳುವವರನ್ನು ಮಾತ್ರ ಕೇಳಿರಲಿಲ್ಲ.

ಗೆಲುವಿನ ಸುದ್ದಿಯನ್ನು ಶೈಲಾಗೆ ತಿಳಿಸಲು ಹೊರಟೆ. "ಕೂತ್ಕೊಳ್ರಿ, ಭಜನೆ ನಡುವೆ ಹೋಗಬಾರ್ದು" ಎಂದರು ಅತ್ತೆ. ಅದೇ ಚಾಪೆಯ ಮೇಲೆ ಕುಳಿತೆ, ನಿದ್ದೆಯನ್ನೂ ಮಾಡಲಿಲ್ಲ. ಹದಿನೆಂಟನೆಯದಾಗಿ ಮಂಗಳ ಬಂದಾಗ ಅತ್ತೆ, ಅಳಿಯ ಒಂದೇ ವೈರಿನ ಎರಡು ತುದಿಯಲ್ಲಿ ಒಟ್ಟಿಗೆ ಎದ್ದು ಕೈ ಮುಗಿದೆವು.

ಈಗ ನಾನು ಒಳಗೆ ಹೋದರೆ ಅತ್ತೆ ಎದ್ದು ನಿಲ್ಲುವುದಿಲ್ಲ. ಸ್ವಲ್ಪ ಸರಿದು ಚಾಪೆಯ ಮೇಲೆ ಜಾಗ ಮಾಡಿಕೊಡುತ್ತಾರೆ.