ಬಾಟಲಿಯ ಮೇಲೆ ಯಾರ ಹೆಸರು?

ಸೊರಬದಲ್ಲಿರುವ ನನ್ನ ತಂಗಿ ಶೈಲಾಳ ಅಪ್ಪೆಮಿಡಿ ಉಪ್ಪಿನಕಾಯಿ ಕಳೆದ ತಿಂಗಳು ಶಿವಮೊಗ್ಗದ ಅಂಗಡಿಯಿಂದ ವಾಪಸ್ ಬಂತು. ಕೆಟ್ಟಿರಲಿಲ್ಲ. ಬಾಟಲಿಗೆ ಅಂಟಿಸಿದ್ದ ಕೈಬರಹದ ಚೀಟಿ ಎಣ್ಣೆ ಕುಡಿದು, ಒಳಗಿರುವುದು ಏನೆಂದೇ ಯಾರಿಗೂ ತಿಳಿಯುತ್ತಿರಲಿಲ್ಲ! "ಸರಿಯಾದ ಲೇಬಲ್ ಹಾಕಿ ಕಳಿಸಿ, ಇಲ್ಲಾಂದ್ರೆ ಬೇಡ" ಎಂದಿದ್ದರು ಅಂಗಡಿಯವರು.

ಶಿಕಾರಿಪುರದಲ್ಲಿ ಒಬ್ಬರು ಕಂಪ್ಯೂಟರಿನಲ್ಲೇ ಡಿಸೈನ್ ಮಾಡುತ್ತಾರೆಂದು ಕೇಳಿ (ನಮ್ಮ ಕಡೆ ಇದಿನ್ನೂ ಹೊಸದು) ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ.

"ಚಂದ ಮಾಡಿಕೊಡ್ತೀನ್ರೀ ಮೇಡಂ. ಆದ್ರೆ ಯಾವ ಹೆಸರು, ಯಾರು ಕೊಳ್ಳೋರು, ಅದನ್ನ ಮೊದ್ಲು ಮನ್ಯಾಗೇ ಮಾತಾಡ್ಕೊಂಡು ಬರ್ರಿ" ಎಂದರು.

ಇದೇನು ಮಹಾ? ಬಸ್ಸಿನಲ್ಲಿ ಮಾತಾಡಿದರಾಯಿತು ಎಂದು ಹೊರಟೆವು. ನಾನು, ಶೈಲಾ, ಅವಳ ಗಂಡ ಗಣಪತಿ, ಅತ್ತೆ ಪಾರ್ವತಮ್ಮ.

ಕೊಳ್ಳುವವರು ಯಾರೆಂಬುದಕ್ಕೆ ಶೈಲಾಳ ಬಳಿ ಉತ್ತರ ಸಿದ್ಧವಿತ್ತು. "ಹಾಸ್ಟೆಲ್ ಹುಡುಗ್ರು ಅಕ್ಕಾ. ಮೆಸ್ ಊಟ ಸಪ್ಪೆ ಅಲ್ದಾ? ಬಾಟ್ಲಿ ಸಣ್ಣದೇ ಸಾಕು."

ಹೆಸರು?

"ಪಾರ್ವತಮ್ಮ ಉಪ್ಪಿನಕಾಯಿ. ಅಮ್ಮನ ಫೋಟೋನೂ ಹಾಕ್ಸಣ" ಎಂದ ಗಣಪತಿ, ಇದರಲ್ಲಿ ಯೋಚಿಸುವುದೇನಿದೆ ಎಂಬ ಧಾಟಿಯಲ್ಲಿ. ಶೈಲಾ ಕಿಟಕಿಯ ಕಡೆ ತಿರುಗಿದಳು. ಅವಳು ಹಾಗೆ ತಿರುಗಿದರೆ ಅರ್ಥವೇನೆಂದು ನನಗೆ ಗೊತ್ತು. ಆದರೆ ಬೀಗರ ಮುಂದೆ ಬಾಯಿ ಹಾಕುವುದು ಹೇಗೆ?

"ನಂದ್ಯಾಕೋ?" ಮುಂದಿನ ಸೀಟಿನಿಂದ ಪಾರ್ವತಮ್ಮನವರೇ ಕೇಳಿದರು. "ನಾನು ಮಿಡಿ ಉಪ್ಪಿಗೆ ಹಾಕಿ ಎಷ್ಟು ಕಾಲ ಆತು! ಖಾರ ಅರೆಯೋದು ಅವಳು, ಹದ ನೋಡೋದು ಅವಳು. ಹೆಸರು ಮಾತ್ರ ನಂದಾ?"

"ಅಲ್ಲಮ್ಮಾ, ನೀನು ಕಲ್ಸಿದ್ದಲ್ವಾ..."

"ನಂಗೆ ನನ್ನತ್ತೆ ಕಲ್ಸಿದ್ದು. ಅವ್ರ ಫೋಟೋ ಎಲ್ಲಿಂದ ತರ್ತೀಯಾ?"

ಪಕ್ಕದ ಸೀಟಿನವರೂ ನಕ್ಕರು. ಗಣಪತಿ ನಗಲಿಲ್ಲ.

ಶಿರಾಳಕೊಪ್ಪ ದಾಟಿದ ಮೇಲೆ ಮೆಲ್ಲಗೆ ಹೆಂಡತಿಯನ್ನು ಕೇಳಿದ. "ನಿನ್ನ ಹೆಸರು ಹಾಕ್ಬೇಕು ಅಂತಿತ್ತಾ ನಿಂಗೆ? ಹೇಳ್ಬಾರ್ದಿತ್ತಾ?"

"ನೀವು ಕೇಳಿದ್ದೇ ಇವತ್ತು ಕಣ್ರೀ."

ಡಿಸೈನರ್ ಎದುರು ಕುಳಿತಾಗ ಹೆಸರು ಹೇಳಿದ್ದು ಗಣಪತಿಯೇ. "ಶೈಲಾ ಅಪ್ಪೆಮಿಡಿ. ಅಕ್ಷರ ದೊಡ್ಡದಾಗಿರ್ಲಿ." ಶೈಲಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಪಾರ್ವತಮ್ಮ ಮಾತ್ರ ಕಂಪ್ಯೂಟರಿನ ಪರದೆಯನ್ನೇ ನೋಡುತ್ತಾ, "ಬಣ್ಣ ಕೆಂಪೇ ಇರ್ಲಿ ಕಣಪ್ಪಾ" ಎಂದರು.

ಬಣ್ಣ, ಚಿತ್ರ ಎಲ್ಲ ಬೇಗನೇ ಮುಗಿಯಿತು. ನನ್ನ ಕುತೂಹಲ ಮುಗಿದಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡವರು ಈ ಮಾತಾಡಲು ಪರವೂರಿನ ಅಪರಿಚಿತರೊಬ್ಬರು ಹೇಳಬೇಕಾಯಿತೇ?

ಬಾಟಲಿಗೆ ಹೋಗದ ಅನ್ನ, ಸಾರು, ಪಲ್ಯಗಳಿಗೆ ನಿಮ್ಮ ಮನೆಯಲ್ಲಿ ಯಾರ ಹೆಸರಿದೆ?