ಉಟ್ಟ ಸೀರೆಯ ಕೌದಿ

ಅವರ್ಸಾದ ನಮ್ಮ ಪಕ್ಕದ ಮನೆಯ ಅಜ್ಜಿ ಕೌದಿ ಹೊಲಿಯುವಾಗ ಸೂಜಿಯನ್ನು ಆಗಾಗ ತಲೆಗೂದಲಿಗೆ ಉಜ್ಜಿಕೊಳ್ಳುತ್ತಿದ್ದಳು. ಕಾರವಾರದ ಹತ್ತಿರದ ಅವಳ ಮೀನುಗಾರರ ಊರು ನೌಕಾನೆಲೆಗಾಗಿ ತೆರವಾದಾಗ ಕೆಲವರು ಇಲ್ಲಿಗೆ ಬಂದರು, ಉಳಿದವರು ಗೋವಾ, ಮುಂಬಯಿ ಸೇರಿದರು. ಆ ಊರಿನವರಲ್ಲಿ ಯಾರಿಗೇ ಮಗುವಾಗಲಿ, ಅಜ್ಜಿ ಎಲ್ಲ ಮನೆಗಳಿಂದಲೂ ಹಳೆ ಸೀರೆ ತರಿಸಿ ಕೌದಿ ಹೊಲಿಯುತ್ತಿದ್ದಳು. ಹೇಳುವುದು ಒಂದೇ ಮಾತು: "ಉಟ್ಟದ್ದೇ ಕೊಡಿ."

ಅಜ್ಜಿಯ ಮೊಮ್ಮಗಳು ಬಸುರಿಯಾದಾಗ ಗೋವಾದಲ್ಲಿದ್ದ ಹಳೆಯ ನೆರೆಯವಳು, ಹಳತು ಕೊಡಲು ನಾಚಿ, ಮಡಿಕೆ ಬಿಚ್ಚದ ಹಸಿರು ಸೀರೆ ಕಳಿಸಿದಳು.

"ಇದ್ನೇ ಹೊಲಿಯಲ್ವಾ ಅಜ್ಜಿ?" ಎಂದೆ.

"ಹೊಸಾದು ಚುಚ್ತದೆ ಮಗಾ. ಅದ್ರಲ್ಲಿ ಯಾರೂ ಇಲ್ಲ."

"ಹಾಗಾದ್ರೆ ಅವರ ಮನೆ ಬಿಟ್ಟುಬಿಡ್ತೀಯಾ?"

"ಬಿಡೂದು ಹ್ಯಾಗೆ? ಊರಲ್ಲಿ ನನ್ನ ಗೋಡೆಗೆ ಗೋಡೆ ಅವಳದ್ದು."

ಮರುದಿನ ಅಜ್ಜಿ ಆ ಸೀರೆಯನ್ನೇ ಉಟ್ಟು ಅಂಕೋಲೆಯ ಮೀನುಪೇಟೆಗೆ ಹೊರಟಳು. "ಎಂತದೇ, ಮದುಮಗಳಾ?" ಎಂದು ಅಲ್ಲಿಯ ಹೆಂಗಸರು ನಕ್ಕರು. ಅಜ್ಜಿಯೂ ನಕ್ಕಳು, ಸೀರೆ ಮಾತ್ರ ಬದಲಿಸಲಿಲ್ಲ. ತಿಂಗಳುಗಟ್ಟಲೆ ಅದನ್ನೇ ಉಟ್ಟಳು, ಒಗೆದಳು, ಮತ್ತೆ ಉಟ್ಟಳು. ಸೆರಗು ಮೆತ್ತಗಾಗಿ ಅರಿಶಿನದ ಕಲೆ ಹತ್ತಿದ ಮೇಲೆ ಕತ್ತರಿ ಕೈಗೆತ್ತಿಕೊಂಡಳು.

ಮಗು ನೋಡಲು ಬಂದ ಗೋವಾದವಳು ಕೌದಿಯ ಮೇಲೆ ಕೈಯಾಡಿಸುತ್ತ ಹಸಿರು ತುಂಡಿನ ಬಳಿ ನಿಲ್ಲಿಸಿದಳು.

"ನಾ ಕಳ್ಸಿದ್ದು ಹೊಸಾದಲ್ವನೇ ಅಕ್ಕಾ?"

"ನಿನ್ನ ಬದ್ಲಿ ನಾನೇ ಉಟ್ಟೆ."

ಸಂಜೆ ಹೊರಡುವಾಗ ಅವಳು ಅಜ್ಜಿಯದೊಂದು ಸೀರೆ ಕೇಳಿ ಉಟ್ಟುಕೊಂಡು, ತಾನು ಉಟ್ಟು ಬಂದಿದ್ದನ್ನು ಮಡಿಸಿ ಅಜ್ಜಿಯ ಮಡಿಲಲ್ಲಿಟ್ಟಳು.