ರುಚಿ ನೋಡದೆ ಮಾಡಿದ ನೂಡಲ್ಸ್

ನನ್ನ ಗಂಡನ ಬಾಯಿಗೆ ಕ್ಯಾನ್ಸರ್ ಆಗಿ ರೇಡಿಯೇಶನ್ ಕೊಡುತ್ತಿದ್ದ ಐದನೆಯ ವಾರ. ಬಾಯಿ ತುಂಬ ಹುಣ್ಣು. ಬಿಸಿ ಪದಾರ್ಥ ಮುಟ್ಟಿಸುವಂತಿರಲಿಲ್ಲ. ನಾಲಿಗೆಯ ರುಚಿ ಸತ್ತು, ಮಾವಿನಹಣ್ಣೂ ಮಣ್ಣಾಗಿತ್ತು. ಇನ್ನೆರಡು ಕಿಲೋ ತೂಕ ಇಳಿದರೆ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಇವರಿಗೆ ರೋಗಕ್ಕಿಂತ ಆ ನಳಿಗೆಯದೇ ಹೆದರಿಕೆ.

ಒಂದು ಮಧ್ಯಾಹ್ನ ವಾಕಡದ ನಮ್ಮ ಮನೆಯಲ್ಲಿ ಗಂಜಿಯ ಬಟ್ಟಲನ್ನು ಸರಿಸಿ, "ಜಪಾನದಾಗ ತಣ್ಣನ್ನ ನೂಡಲ್ಸ್ ತಿಂತಿದ್ದೆ, ಕೋಳಿ ಹಾಕಿದ್ದು. ಅದಾದ್ರ ಇಳದೀತು" ಅಂದರು. ಇವರು ಕೆಲಸಕ್ಕಿದ್ದ ಹಡಪಸರದ ಕಾರ್ಖಾನೆಯವರು ಹಿಂದೊಮ್ಮೆ ಮೂರು ತಿಂಗಳು ತರಬೇತಿಗೆಂದು ಅವರನ್ನು ಅಲ್ಲಿಗೆ ಕಳಿಸಿದ್ದರು.

ನಾನು ಧಾರವಾಡದ ಕಡೆಯವಳು. ನಮ್ಮ ಮನೆಯೊಳಗೆ ಮೊಟ್ಟೆ ಕೂಡ ಬಂದಿರಲಿಲ್ಲ. ಇವರು ಹೊರಗೆ ತಿನ್ನುವುದು ಗೊತ್ತಿದ್ದೂ ಗೊತ್ತಿಲ್ಲದವಳಂತೆ ಇದ್ದೆ. ಈ ಸ್ಥಿತಿಯಲ್ಲೂ ಕೋಳಿಯೇ ಬೇಕೇ ಎಂದು ಸಿಟ್ಟು ಬಂತು. ಸುಳ್ಳೇಕೆ ಹೇಳಲಿ, ಹೇಸಿಗೆಯೂ ಬಂತು. ಆದರೂ ಫೋನಿನಲ್ಲಿ ಎಲ್ಲ ತರಿಸಿದೆ.

ಬಾಲ್ಕನಿಯಲ್ಲಿ ಇಂಡಕ್ಷನ್ ಒಲೆ ಇಟ್ಟು, ಮೂಗಿಗೆ ಸೆರಗು ಹಿಡಿದು, ಉಪ್ಪು ಹಾಕಿ ಕೋಳಿ ಬೇಯಿಸಿದೆ. ಆರಿದ ಮೇಲೆ ಎಳೆ ಎಳೆಯಾಗಿ ಹರಿದೆ. ನಡುನಡುವೆ ನಾಲ್ಕು ಸಲ ಎದ್ದು ಕೈ ತೊಳೆದುಕೊಂಡೆ. ನೂಡಲ್ಸನ್ನು ಉಪ್ಪು ನೀರಿನಲ್ಲಿ ಬೇಯಿಸಿ, ಐಸ್ ನೀರಿನಲ್ಲಿ ಜಾಲಾಡಿ ಬಸಿದೆ. ಸೌತೆಕಾಯಿ ಸಣ್ಣಗೆ ಹೆಚ್ಚಿದೆ. ಖಾರ, ಹುಳಿ ಬೇಡವೆಂದು ಆಸ್ಪತ್ರೆಯಲ್ಲಿ ಹೇಳಿದ್ದರಿಂದ ವಿನೆಗರ್ ಬಿಟ್ಟೆ. ಸೋಯಾ ಸಾಸ್ ಬರೀ ಬಣ್ಣಕ್ಕೆಂದು ತಿಳಿದು ಧಾರಾಳವಾಗಿ ಸುರಿದೆ. ಮೇಲೊಂದು ಚಮಚ ಉಪ್ಪನ್ನೂ ಕಲಸಿದೆ.

ರುಚಿ ನೋಡುವ ಮಾತೇ ಇಲ್ಲ. ಕೋಳಿ ಎಂದಷ್ಟೇ ಅಲ್ಲ. ನೈವೇದ್ಯಕ್ಕೆ ಮೊದಲು ನಾಲಿಗೆಗೆ ಮುಟ್ಟಿಸದೆ ಮೂವತ್ತು ವರ್ಷ ಅಡುಗೆ ಮಾಡಿದವಳು ನಾನು. ಉಪ್ಪಿನ ಹದ ನನ್ನ ಕೈಗೇ ಗೊತ್ತು ಎಂಬ ಸೊಕ್ಕು.

ಬಟ್ಟಲು ತುಂಬ ಬಡಿಸಿದೆ. ಒಂದೊಂದು ತುತ್ತಿಗೂ ಅವರು ಕಣ್ಣು ಮುಚ್ಚುತ್ತಿದ್ದರು. ಕಣ್ಣೀರು ಇಳಿಯುತ್ತಿತ್ತು.

"ಛಲೋ ಆಗೇದೇನ್ರಿ?"

"ಭಾಳ ಛಲೋ ಆಗೇದ."

ಹಳೆಯದೇನೋ ನೆನಪಾಗಿರಬೇಕು ಎಂದುಕೊಂಡೆ. ಇನ್ನು ದಿನಾ ಇದನ್ನೇ ಮಾಡಿ ತೂಕ ಏರಿಸುತ್ತೇನೆ ಎಂದು ಮನಸ್ಸು ಎಲ್ಲೆಲ್ಲೋ ಹಾರಿತು.

ಊಟ ಮುಗಿಸಿ ಬಚ್ಚಲಿಗೆ ಹೋದವರು ಬಾಯಿ ಮುಕ್ಕಳಿಸುವುದನ್ನು ನಿಲ್ಲಿಸಲೇ ಇಲ್ಲ. ನಡುವೆ ನರಳುವುದೂ ಕೇಳಿಸಿತು. ಪಾತ್ರೆಯಲ್ಲಿ ಸಂಜೆಗೆಂದು ಸ್ವಲ್ಪ ಉಳಿಸಿದ್ದೆ. ಅನುಮಾನ ಬಂದು, ಕೋಳಿಯ ಎಳೆ ಅಂಟಿಕೊಂಡ ನೂಡಲ್ಸನ್ನೇ ಎತ್ತಿ ಬಾಯಿಗೆ ಹಾಕಿಕೊಂಡೆ. ಉಪ್ಪೋ ಉಪ್ಪು! ಹುಣ್ಣಿಲ್ಲದ ನನ್ನ ಬಾಯಿಯೇ ಉರಿಯಿತು.

ಅವರು ಹೊರಗೆ ಬಂದ ಕೂಡಲೇ ಕೂಗಾಡಿದೆ. "ಯಾಕ್ ಹೇಳ್ಲಿಲ್ರಿ? ಉಗುಳಬಾರದಿತ್ತೇನ್ರಿ?"

ಗೋಡೆ ಹಿಡಿದು ನಿಂತು ಮೆಲ್ಲಗೆ ಅಂದರು: "ನೀ ಕೋಳಿ ಮುಟ್ಟಿ ಮಾಡಿದ್ದಿ. ಹೆಂಗ ಉಗುಳ್ಲಿ?"

ಮರುದಿನ ನೀರು ಕೂಡ ಗಂಟಲಿಗಿಳಿಯಲಿಲ್ಲ. ಅದೇ ವಾರ ನಳಿಗೆ ಹಾಕಿದರು. ಚಿಕಿತ್ಸೆಯೇ ಹಾಗೆ, ಅಡುಗೆಯಿಂದ ಆದದ್ದಲ್ಲ ಎಂದು ಡಾಕ್ಟರು ಎರಡೆರಡು ಸಲ ಹೇಳಿದರು. ನಾನು ಇವತ್ತಿಗೂ ನಂಬಿಲ್ಲ. ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು. ಬಾಯಿಂದ ತಿಂದ ಕೊನೆಯ ಊಟ ಅದೇ. ಬಟ್ಟಲಲ್ಲಿ ಒಂದೆಳೆಯನ್ನೂ ಬಿಟ್ಟಿರಲಿಲ್ಲ.